ನಾಟಕದ ರೈತನಿಗೆ ಬಟ್ಟೆ ಹಳತು ಮಾಡುವ ಬಗೆ

ಹಳ್ಳಿ ಕಥೆಯ ನಾಟಕವೆಂದರೆ ಕೂಲಿಯವನ ಬಟ್ಟೆಗೆ ಮೈತುಂಬ ಮಣ್ಣು ಮೆತ್ತಿ ರಂಗಕ್ಕೆ ಬಿಡುವ ರೂಢಿಯಿದೆ. ಇದು ಬಡವರಿಗೆ ಮಾಡುವ ಅವಮಾನ. ಇರುವ ಎರಡೇ ಅಂಗಿಯನ್ನು ಒಗೆದೊಗೆದು ಹಾಕಿಕೊಳ್ಳುವವರ ಬಟ್ಟೆ ಕೊಳೆಗಿಂತ ಹೆಚ್ಚಾಗಿ ಸವೆದಿರುತ್ತದೆ. ಎಲ್ಲಿ ಸವೆಯುತ್ತದೆ ಎನ್ನುವುದನ್ನು ಕೆಲಸ ಹೇಳುತ್ತದೆ: ಮೂಟೆ ಹೊರುವವನಿಗೆ ಹೆಗಲು, ಕತ್ತಿನ ಹಿಂಭಾಗ, ಕಳೆ ಕೀಳುವವಳಿಗೆ ಸೀರೆಯ ಮೊಣಕಾಲಿನ ಜಾಗ, ಕೆಳ ಅಂಚು.

ಮೊದಲು ಹೊಸ ಕಾಟನ್ ಬಟ್ಟೆಯ ಗಂಜಿ ಹೋಗಬೇಕು. 5 ಲೀಟರ್ ನೀರಿಗೆ ಎರಡು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಕುದಿಸಿ ಜಾಲಿಸುತ್ತೇನೆ. ಆಮೇಲೆ ಅಷ್ಟೇ ನೀರಿಗೆ 100 ಗ್ರಾಂ ಟೀಪುಡಿ ಹಾಕಿ 20 ನಿಮಿಷ ಕುದಿಸಿ, ಸೋಸಿ, ಒದ್ದೆ ಬಟ್ಟೆಯನ್ನೇ ಅದ್ದಿ ತಿರುವುತ್ತಿರಬೇಕು. ಒಣಬಟ್ಟೆ ಅದ್ದಿದರೆ ಬಣ್ಣ ಕಲೆಕಲೆಯಾಗಿ ಹಿಡಿಯುತ್ತದೆ. ಕಬ್ಬಿಣದ ಪಾತ್ರೆಯೂ ಕಬ್ಬಿಣಾಂಶವಿರುವ ಬೋರ್‌ವೆಲ್ ನೀರೂ ಬೇಡ. ಟೀಯ ಒಗರು ಕಬ್ಬಿಣಕ್ಕೆ ಸೇರಿದರೆ ಬಟ್ಟೆ ಬೂದುಗಪ್ಪಾಗುತ್ತದೆ. ರೆಡಿಮೇಡ್ ಅಂಗಿಗಳ ಹೊಲಿಗೆ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್‌ನದು, ಅದು ಈ ಬಣ್ಣ ಹೀರುವುದಿಲ್ಲ. ಅಂಗಿಯೆಲ್ಲ ಕಂದಾಗಿ ಹೊಲಿಗೆ ಮಾತ್ರ ರಂಗದ ಬೆಳಕಿಗೆ ಬೆಳ್ಳಗೆ ಹೊಡೆಯುತ್ತದೆ. ಹತ್ತಿ ದಾರದಲ್ಲೇ ಹೊಲಿಸುವುದು ಲೇಸು.

ಸವೆತಕ್ಕೆ, ಬಟ್ಟೆಯೊಳಗೆ ಹಲಗೆ ತುಂಡಿಟ್ಟು 120 ನಂಬರಿನ ಉಪ್ಪುಕಾಗದದಿಂದ ಉಜ್ಜುತ್ತೇನೆ. ನೂಲು ತೆಳುವಾದ ಕೂಡಲೇ ನಿಲ್ಲಿಸಬೇಕು. ಬಣ್ಣಬಣ್ಣದ ಚೌಕ ತೇಪೆಗಳು ಚಿತ್ರಪುಸ್ತಕಕ್ಕಷ್ಟೇ ಸರಿ. ಹರಿದದ್ದು ಕಾಣಬಾರದೆಂದೇ ಜನ ತೇಪೆ ಹಾಕುವುದು. ಹಳೆ ಪಂಚೆಯ ತುಂಡನ್ನು ಒಳಗಿಟ್ಟು, ಹರಿದ ಅಂಚನ್ನು ಒಳಮಡಿಸಿ, ಕೈಯಲ್ಲೇ ಒತ್ತೊತ್ತಾಗಿ ಹೊಲಿಯಬೇಕು.

ಮಣ್ಣು ಬೇಕೇಬೇಕೆಂದರೆ ಊರು ನೋಡಿ. ಧಾರವಾಡ ಜಿಲ್ಲೆಯ ನವಲಗುಂದದ ಕಥೆಗೆ ಕೆಮ್ಮಣ್ಣು ಹೊಂದದು, ಅದು ಕಪ್ಪು ಮಣ್ಣಿನ ಎರೆಭೂಮಿ.

ಗೌಡನ ಪಾತ್ರಕ್ಕೆ ದಪ್ಪ ಬಂಗಾರದ ಸರ ಹಾಕುವುದನ್ನು ನಾನು ಒಪ್ಪುವುದಿಲ್ಲ. ನೀಲಿ ಹಾಕಿ ಒಗೆದ ಬಿಳಿ ಪಂಚೆ, ಅಂಗಿಯ ಇಸ್ತ್ರಿ ಗೆರೆ ಸಾಕು. ಅವನೆದುರು ಗೇಣಿದಾರನ, ಅಂದರೆ ಅವನ ಹೊಲವನ್ನು ಗೇಣಿ ಕೊಟ್ಟು ಉಳುವವನ, ಎತ್ತಿಕಟ್ಟಿದ ಪಂಚೆ ಕೆಳಗಿಳಿಯುತ್ತದೆ, ಹೆಗಲ ಮೇಲಿನ ಟವೆಲ್ ಕಂಕುಳಿಗೆ ಬರುತ್ತದೆ. ಇದು ನಟನ ಮೈಗೆ ಹತ್ತಬೇಕಾದ್ದರಿಂದ ತಾಲೀಮಿನ ಮೊದಲ ದಿನವೇ ಟವೆಲ್ ಕೊಟ್ಟುಬಿಡುತ್ತೇನೆ. ಕರ್ನಾಟಕದಲ್ಲಿ ಗೇಣಿ ರದ್ದಾದದ್ದು 1974ರ ಮಾರ್ಚ್ 1ರಿಂದ. ಕಥೆ ಅದರ ನಂತರದ್ದಾದರೆ ಬಟ್ಟೆ ಬದಲಿಸುವ ಅವಸರವಿಲ್ಲ. ಟವೆಲ್ ಹೆಗಲ ಮೇಲೇ ಉಳಿಯುತ್ತದೆಯೇ ಎನ್ನುವುದನ್ನು ನಿರ್ದೇಶಕರ ಜೊತೆ ಕೂತು ತೀರ್ಮಾನಿಸಬೇಕು.

ಪ್ರದರ್ಶನದ ನಂತರ ಬರೀ ತಣ್ಣೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಸೋಪಿನ ಪುಡಿ ಹಾಕಿದರೆ ಟೀ ಬಣ್ಣ ಇಳಿದು ಮತ್ತೆ ಅದ್ದಬೇಕಾಗುತ್ತದೆ.