ಐದನೇ ತಿಂಗಳ ಸ್ಕ್ಯಾನ್: ಮಗುವಿನ ತಲೆ, ಬೆನ್ನು ಸರಿಯಾಗಿ ನೋಡಿಸಿಕೊಳ್ಳುವುದು ಹೇಗೆ

ಪಾಂಡವಪುರ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯಿಂದ ಮೈಸೂರಿಗೆ ಸ್ಕ್ಯಾನ್‌ಗೆ ಬರುವವರಲ್ಲಿ ಎಷ್ಟೋ ಜನ ಆರು ತಿಂಗಳು ತುಂಬಿದ ಮೇಲೆ ಬರುತ್ತಾರೆ. ಆಷಾಢ ಕಳೀಲಿ, ಕಬ್ಬಿನ ಕಟಾವು ಮುಗೀಲಿ ಅಂತ ಮನೆಯವರು ದಿನ ತಳ್ಳಿರುತ್ತಾರೆ. ಸ್ಕ್ಯಾನ್ ರೂಮಿನಲ್ಲಿ ಕೂರುವ ನನಗೆ ಇದು ನೋಡಿ ನೋಡಿ ಹೊಟ್ಟೆ ಉರಿಯುತ್ತದೆ.

ಮೊದಲು ವಾರದ ಲೆಕ್ಕ. ಕೊನೆಯ ಮುಟ್ಟಿನ ಮೊದಲ ದಿನದಿಂದ ವಾರಗಳನ್ನು ಎಣಿಸಿ. ತಾರೀಕು ನೆನಪಿಲ್ಲದಿದ್ದರೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನೇ ಆಧಾರ, ಆ ರಿಪೋರ್ಟ್ ತಾಯಿ ಕಾರ್ಡ್ ಜೊತೆಗೇ ಇರಲಿ. 11ರಿಂದ 14 ವಾರದೊಳಗಿನ ಸ್ಕ್ಯಾನ್‌ನಲ್ಲಿ ತಲೆಬುರುಡೆ ಬೆಳೆಯದಂಥ ದೊಡ್ಡ ತೊಂದರೆ ಸಾಮಾನ್ಯವಾಗಿ ಕಾಣುತ್ತದೆ. 18ರಿಂದ 22 ವಾರದೊಳಗೆ ಅನಾಮಲಿ ಸ್ಕ್ಯಾನ್, ಅಂದರೆ ಮಗುವಿನ ಅಂಗಾಂಗ ಸರಿಯಾಗಿ ಬೆಳೆದಿದೆಯಾ ಅಂತ ನೋಡುವ ಐದನೇ ತಿಂಗಳ ಸ್ಕ್ಯಾನ್. ನನ್ನ ಕೇಳಿದರೆ 19 ಅಥವಾ 20ನೇ ವಾರಕ್ಕೇ ಹೋಗಿ. ಏನಾದರೂ ಕಂಡರೆ ಮತ್ತೊಮ್ಮೆ ನೋಡಿಸಲು, ಎಂಆರ್‌ಐ ಅಥವಾ ಗರ್ಭದ ನೀರಿನ ಪರೀಕ್ಷೆ ಮಾಡಿಸಲು, ಮನೆಯವರು ಕೂತು ಯೋಚಿಸಲು ಸಮಯ ಬೇಕಲ್ವಾ? ಗರ್ಭಪಾತದ ಕಾನೂನಿಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, 24 ವಾರ ದಾಟಿದ ಮೇಲೆ ಮಗುವಿನ ಗಂಭೀರ ತೊಂದರೆಗಾಗಿ ಗರ್ಭಪಾತ ಬೇಕಾದರೆ ವೈದ್ಯಕೀಯ ಮಂಡಳಿಯ ಒಪ್ಪಿಗೆ ಬೇಕು.

ಸ್ಕ್ಯಾನ್ ದಿನ ತಿಂಡಿ ತಿಂದು, ಸಡಿಲ ಬಟ್ಟೆ ಹಾಕಿಕೊಂಡು, ಹಳೇ ರಿಪೋರ್ಟೆಲ್ಲ ತೆಗೆದುಕೊಂಡು ಹೋಗಿ.

ಇನ್ನು ಜನ ಎಡವುವ ಜಾಗ. ಬೆನ್ನು ಸರಿ ಇದೆಯಾ ಅಂತ ತಿಳಿಯಲು ನಾವು ಮೊದಲು ತಲೆ ನೋಡುತ್ತೇವೆ. ಬೆನ್ನುಹುರಿಯ ಕೊಳವೆ ಒಂದು ಕಡೆ ತೆರೆದೇ ಉಳಿದರೆ ಅಲ್ಲಿಂದ ನೀರು ಸೋರಿ ಮೆದುಳಿನ ಹಿಂಭಾಗ ಕೆಳಕ್ಕೆ ಜಗ್ಗುತ್ತದೆ. ಆಗ ಹಣೆಯ ಎರಡೂ ಬದಿ ಒಳಕ್ಕೆ ಕುಸಿದು ತಲೆ ನಿಂಬೆಹಣ್ಣಿನ ಆಕಾರಕ್ಕೆ ಬರುತ್ತದೆ, ಹಿಂದಿನ ಕಿರುಮೆದುಳು ಬಾಳೆಹಣ್ಣಿನಂತೆ ಬಾಗುತ್ತದೆ. ವೈದ್ಯರು 1986ರಿಂದಲೂ ಇವನ್ನು ಲೆಮನ್ ಸೈನ್, ಬನಾನಾ ಸೈನ್ ಅಂತಲೇ ಕರೆಯುತ್ತಾರೆ. ಕಿರುಮೆದುಳಿನ ಹಿಂದಿನ ನೀರಿನ ಜಾಗ, ಅಂದರೆ ಸಿಸ್ಟರ್ನಾ ಮ್ಯಾಗ್ನಾ, ಸಾಮಾನ್ಯವಾಗಿ 2ರಿಂದ 10 ಮಿಲಿಮೀಟರ್ ಇರುತ್ತದೆ. ಅದು ಮುಚ್ಚಿಹೋಗಿದ್ದರೆ ಬೆನ್ನನ್ನು ಒಂದೊಂದೇ ಮೂಳೆಯಾಗಿ, ಉದ್ದಕ್ಕೂ ಅಡ್ಡಕ್ಕೂ, ಮೇಲಿನ ಚರ್ಮ ಸಮೇತ ಹುಡುಕಬೇಕು. ಮೆದುಳಿನೊಳಗಿನ ನೀರಿನ ಕೋಣೆಯ, ಅಂದರೆ ವೆಂಟ್ರಿಕಲ್‌ನ, ಅಳತೆ 10 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. 15 ದಾಟಿದರೆ ಗಂಭೀರ. ಇನ್ನೊಂದು ವಿಷಯ, ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ಗೆ ಹತ್ತಿರವಿರುವ ಅರ್ಧ ಮೆದುಳು ಮಸುಕಾಗಿರುತ್ತದೆ, ದೂರದ ಅರ್ಧ ಮಾತ್ರ ಚೆನ್ನಾಗಿ ಕಾಣುತ್ತದೆ. ಮಗು ಬೆನ್ನು ಕೆಳಗೆ ಮಾಡಿ ಮಲಗಿದ್ದರೆ ಬೆನ್ನೂ ಸರಿಯಾಗಿ ಸಿಗುವುದಿಲ್ಲ. ಆಗ ಹೊರಗೆ ಓಡಾಡಿ ಬನ್ನಿ ಅನ್ನುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ, ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಹೋಗಬೇಡಿ. ಆ ದಿನ ಸಿಗದೇ ಹೋದರೆ ವಾರದೊಳಗೆ ಮತ್ತೆ ಬರಲೇಬೇಕು.

ರಿಪೋರ್ಟ್ ಕೈಗೆ ಬಂದ ಕೂಡಲೇ ಅಲ್ಲೇ ಓದಿ. ಸುಮ್ನೆ 'ಬ್ರೈನ್, ಸ್ಪೈನ್ ನಾರ್ಮಲ್' ಅಂತ ಒಂದೇ ಸಾಲು ಇದ್ದರೆ ಒಪ್ಪಬೇಡಿ. ವೆಂಟ್ರಿಕಲ್, ಕಿರುಮೆದುಳು, ಸಿಸ್ಟರ್ನಾ ಮ್ಯಾಗ್ನಾ, ಮೂರರ ಅಳತೆಯೂ ಇರಬೇಕು. ಇಲ್ಲದಿದ್ದರೆ ಕೇಳಿ, ಕೇಳುವುದು ನಿಮ್ಮ ಹಕ್ಕು. ಮಗುವಿನ ಮುಖದ 4ಡಿ ಫೋಟೊ ಪ್ಯಾಕೇಜಿಗೆ ಜಾಸ್ತಿ ದುಡ್ಡು ಕೊಟ್ಟವರು ಅದನ್ನೇ ಪೂರ್ತಿ ಪರೀಕ್ಷೆ ಅಂದುಕೊಳ್ಳುತ್ತಾರೆ. ಆ ಫೋಟೊದಿಂದ ಮೆದುಳಿನ ಒಳಗೇನಿದೆ ಅಂತ ತಿಳಿಯುವುದಿಲ್ಲ, ಆ ದುಡ್ಡು ಉಳಿಸಿ. 'ಕೊರಾಯ್ಡ್ ಪ್ಲೆಕ್ಸಸ್ ಸಿಸ್ಟ್' ಅಂತ ಬರೆದಿದ್ದರೆ ಹೆದರಬೇಡಿ. ಬೇರೆಲ್ಲ ಸರಿ ಇದ್ದರೆ ಆ ನೀರಿನ ಗುಳ್ಳೆ ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಕರಗುತ್ತದೆ.

ಗಂಡೋ ಹೆಣ್ಣೋ ಅಂತ ಮಾತ್ರ ಕೇಳಬೇಡಿ. 1994ರ ಕಾನೂನಿನಡಿ ಅದು ಅಪರಾಧ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ನಡೆಸುತ್ತಿದ್ದ ದಂಧೆ ಹೊರಬಂದಾಗ ನಮ್ಮ ಜಿಲ್ಲೆಯ ಹೆಸರು ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ಗೊತ್ತು. ಅಂಥ ಜಾಗಕ್ಕೆ ಕರೆದುಕೊಂಡು ಹೋಗುವವರು ನೆಂಟರೇ ಆಗಿರಲಿ, ಹೋಗಬೇಡಿ.

ತೊಂದರೆ ಕಂಡರೆ ಒಂದೇ ಸ್ಕ್ಯಾನ್ ನಂಬಿ ತೀರ್ಮಾನಕ್ಕೆ ಬರಬೇಡಿ. ಗರ್ಭದ ಮಗುವಿನ ತೊಂದರೆಗಳಲ್ಲೇ ಅನುಭವ ಇರುವವರ ಹತ್ತಿರ ಮತ್ತೊಮ್ಮೆ ನೋಡಿಸಿ, ಮಕ್ಕಳ ನರರೋಗದ ಡಾಕ್ಟರ ಹತ್ತಿರವೂ ಮಾತಾಡಿ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ ಮುಂದಿನ ಬಸಿರಿಗೆ ಮೊದಲೇ ಡಾಕ್ಟರ ಹತ್ತಿರ ಹೋಗಿ ಫೋಲಿಕ್ ಆಸಿಡ್ ಬರೆಸಿಕೊಳ್ಳಿ. ಉಳಿದವರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಇವರಿಗೆ 4ರಿಂದ 5 ಮಿಲಿಗ್ರಾಂ ಬೇಕು. ಗರ್ಭ ಕಟ್ಟಿದ 28 ದಿನದೊಳಗೆ ಬೆನ್ನುಹುರಿಯ ಕೊಳವೆ ಮುಚ್ಚಿಕೊಂಡಿರುತ್ತದೆ, ಎಷ್ಟೋ ಹೆಣ್ಣುಮಕ್ಕಳಿಗೆ ಆಗಿನ್ನೂ ಬಸಿರು ಅಂತಲೇ ಗೊತ್ತಾಗಿರುವುದಿಲ್ಲ.