ಕೋರ್ ಬ್ಯಾಂಕಿಂಗ್ ಕ್ಲೌಡ್‌ಗೆ ಹೋಗುವ ಮುಂಚೆ

ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ನಾನು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಖಾತೆ, ಬಡ್ಡಿ ಎಲ್ಲವನ್ನೂ ನಡೆಸುವ ನಮ್ಮ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ಬ್ಯಾಂಕಿನ ಸರ್ವರ್ ಕೋಣೆಯಿಂದ ಕ್ಲೌಡ್‌ಗೆ, ಅಂದರೆ ಬೇರೆ ಕಂಪನಿಯ ದೂರದ ಕಂಪ್ಯೂಟರುಗಳಿಗೆ ಹೋಯಿತು. ನೀವೂ ಈ ಕೆಲಸಕ್ಕೆ ಕೈ ಹಾಕುವವರಾದರೆ, ಹೊಸ ಸಾಫ್ಟ್‌ವೇರಿನ ಡೆಮೊ ನೋಡುವ ಮುಂಚೆ ನಿಮ್ಮ ಹಳೇ ಖಾತೆಗಳನ್ನು ನೋಡಿ.

ಹೆಸರುಗಳಿಂದಲೇ ಶುರು ಮಾಡಿ. ನಮ್ಮ ಹಳೇ ಗ್ರಾಹಕರ ಹೆಸರುಗಳು ನುಡಿ ಫಾಂಟಿನಲ್ಲಿದ್ದವು. ಪರದೆ ಮೇಲೆ ಕನ್ನಡ ಕಾಣುತ್ತದೆ, ಒಳಗಿರುವ ಕೋಡ್ ಬೇರೆ. ಹೊಸ ಸಿಸ್ಟಮ್‌ಗೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಬೇಕು. ಕನ್ವರ್ಟರ್ ಹಾಕಿದರೆ ಮುಗಿಯಿತು ಅಂದುಕೊಂಡೆವು. ‘ಕೀರ್ತಿ’ ಎಂಬ ಹೆಸರಿನಲ್ಲೇ ಸಿಕ್ಕಿಬಿದ್ದೆವು. ನುಡಿಯಲ್ಲಿ ಅರ್ಕಾವತ್ತು ‘ತಿ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಅರ್ಕಾವತ್ತು, ಒತ್ತಕ್ಷರ ಇರುವ ಹೆಸರುಗಳನ್ನೆಲ್ಲ ಬೇರೆ ಪಟ್ಟಿ ಮಾಡಿ, ಖಾತೆ ತೆರೆದ ಅರ್ಜಿ ಪಕ್ಕದಲ್ಲಿಟ್ಟು ಓದಿಸಿ. ಒಬ್ಬರಿಗೇ ಎರಡು ಮೂರು ಗ್ರಾಹಕ ಸಂಖ್ಯೆ ಇದ್ದರೆ ಆಗಲೇ ಒಂದು ಮಾಡಿ.

ಆಮೇಲೆ ಬಡ್ಡಿ. ಒಂದು ತ್ರೈಮಾಸಿಕದ ಬಡ್ಡಿಯನ್ನು ಎರಡೂ ಸಿಸ್ಟಮ್‌ನಲ್ಲಿ ಹಾಕಿ ನೋಡಿ. ಒಂದು ದಿನದಿನವೂ ಪೈಸೆ ರೌಂಡ್ ಮಾಡುತ್ತದೆ, ಇನ್ನೊಂದು ಕೊನೆಯಲ್ಲಿ ಮಾಡುತ್ತದೆ. ಒಂದು ಖಾತೆಯಲ್ಲಿ ಕೆಲವು ಪೈಸೆ ಅಷ್ಟೇ, ಆದರೆ ಲೆಡ್ಜರ್ ತಾಳೆಯಾಗುವುದಿಲ್ಲ. ವ್ಯತ್ಯಾಸವನ್ನು ಸುಮ್ನೆ ಸಸ್ಪೆನ್ಸ್ ಖಾತೆಗೆ, ಅಂದರೆ ಲೆಕ್ಕ ಸಿಗದ ಹಣವನ್ನು ತಾತ್ಕಾಲಿಕವಾಗಿ ಇಡುವ ಖಾತೆಗೆ ತಳ್ಳಲು ಬಿಡಬೇಡಿ.

ಬದಲಾವಣೆಗೆ ಎರಡನೇ ಶನಿವಾರ ಒಳ್ಳೆಯದು. ಸಂಬಳ, ಪಿಂಚಣಿಯ ಗಡಿಬಿಡಿ ಮುಗಿದಿರುತ್ತದೆ, ಎರಡು ದಿನ ರಜೆಯೂ ಸಿಗುತ್ತದೆ. ಆದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಸೇವೆಗಳಿಗೆ ರಜೆಯಿಲ್ಲ: 2019ರ ಡಿಸೆಂಬರ್‌ನಿಂದ ನೆಫ್ಟ್, 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ಹಗಲೂ ರಾತ್ರಿ ನಡೆಯುತ್ತವೆ. ಯುಪಿಐ ಅಂತೂ ನಿಲ್ಲುವುದೇ ಇಲ್ಲ. ಯಾವ ಸೇವೆ ಎಷ್ಟು ಹೊತ್ತು ಇರುವುದಿಲ್ಲ ಎಂದು ಒಂದು ವಾರ ಮುಂಚೆಯೇ ಕನ್ನಡದಲ್ಲಿ ಎಸ್ಎಂಎಸ್ ಕಳಿಸಿ.

ಬದಲಾವಣೆಯ ರಿಹರ್ಸಲ್ ಕಡಿಮೆ ಮಾಡೋಣ ಅಂತ ಆಡಳಿತ ಮಂಡಳಿ ಹೇಳಿದರೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ಹೇಳಿ. 2018ರ ಏಪ್ರಿಲ್‌ನಲ್ಲಿ ಅವರ ಡೇಟಾ ಸರಿಯಾಗಿಯೇ ದಾಟಿತು. ಹೊಸ ಸಿಸ್ಟಮ್ ಕೈಕೊಟ್ಟಿತು. 2022ರಲ್ಲಿ 4.865 ಕೋಟಿ ಪೌಂಡ್ ದಂಡ ಬಿತ್ತು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಜನಜಂಗುಳಿಯಷ್ಟು ಭಾರ ಹಾಕಿ ನೋಡದೆ ಒಪ್ಪಿಗೆ ಕೊಡಬೇಡಿ. ಕ್ಲೌಡ್ ಕಂಪನಿಯ ಒಪ್ಪಂದ ಬಿಟ್ಟು ಹೊರಬಂದರೆ ನಮ್ಮ ಡೇಟಾ ಹೇಗೆ ವಾಪಸ್ ಸಿಗುತ್ತದೆ ಎಂಬುದನ್ನೂ ಬರೆಸಿಕೊಳ್ಳಿ.

ನಾವು ಮರೆತಿದ್ದು ಪಿಗ್ಮಿ ಮಷೀನ್, ಅಂದರೆ ಏಜೆಂಟರು ದಿನದಿನದ ಉಳಿತಾಯ ವಸೂಲಿ ಮಾಡಿ ಬರೆದಿಡುವ ಕೈ ಮಷೀನ್. ಒಬ್ಬ ಏಜೆಂಟರ ಶುಕ್ರವಾರದ ವಸೂಲಿ ಮಷೀನಿನಲ್ಲೇ ಉಳಿದಿತ್ತು, ಡೇ ಎಂಡ್, ಅಂದರೆ ದಿನದ ಲೆಕ್ಕ ಮುಚ್ಚುವ ಕೆಲಸ ಆಗಿಹೋಗಿತ್ತು. ಸೋಮವಾರ ಗಾಂಧಿ ಬಜಾರಿನ ಹೂವಿನಮ್ಮ ಬಂದು, “ಸಾರ್, ಶುಕ್ರವಾರ ಕಟ್ಟಿದ ನೂರು ರೂಪಾಯಿ ಬಂದೇ ಇಲ್ಲ,” ಎಂದರು. ಸೆರಗಿನ ಗಂಟಿನಿಂದ ಚೀಟಿ ತೆಗೆದು ತೋರಿಸಿದರು. “ನಮ್ಮದೇ ತಪ್ಪಮ್ಮ, ಈಗಲೇ ಸರಿ ಮಾಡ್ತೀನಿ,” ಅಂದೆ. ಅವತ್ತು ಮಧ್ಯಾಹ್ನ ಏಜೆಂಟರ ಜೊತೆ ಅಂಗಡಿ ಅಂಗಡಿಗೂ ಹೋಗಿ ಚೀಟಿ ನೋಡಿ ಬರೆದುಕೊಂಡು ಬಂದೆವು. ನೀವು ಶುಕ್ರವಾರ ಸಂಜೆಯೇ ಎಲ್ಲ ಮಷೀನ್ ತರಿಸಿ, ಎಣಿಸಿ, ಲೆಕ್ಕ ಇಳಿಸಿಕೊಂಡು, ಆಮೇಲೆ ಡೇ ಎಂಡ್ ಮಾಡಿ.