ಸೀಸ ಎಷ್ಟಿದೆ ಅಂತ ಕೇಳುವ ಮೊದಲು

ಲ್ಯಾಬ್ ವರದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಮಿತಿಗಿಂತ ಜಾಸ್ತಿ ಇದೆಯಾ?" ಮಣ್ಣು, ನೀರಿನಲ್ಲಿರುವ ಲೋಹಗಳಿಂದ ಎಷ್ಟು ಅಪಾಯ ಅಂತ ಅಂದಾಜು ಮಾಡುವುದು ನನ್ನ ಕೆಲಸ. ಆ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಲೋಹ ಯಾವ ರೂಪದಲ್ಲಿದೆ, ಯಾವ ದಾರಿಯಲ್ಲಿ ಒಳಗೆ ಹೋಗುತ್ತದೆ, ಯಾರ ದೇಹಕ್ಕೆ ಹೋಗುತ್ತದೆ ಅನ್ನುವುದು ಗೊತ್ತಾಗದೆ ಬರೀ ಅಂಕಿಯಿಂದ ಏನೂ ಹೇಳಲಾಗುವುದಿಲ್ಲ.

ರೂಪದ ವಿಷಯವನ್ನೇ ನೋಡಿ. ಮೂರು ವೇಲೆನ್ಸಿಯ (ಪರಮಾಣು ಬೇರೆ ಪರಮಾಣುಗಳ ಜೊತೆ ಸೇರುವ ಶಕ್ತಿಯ ಅಂಕಿ) ಕ್ರೋಮಿಯಂನಿಂದ ಅಷ್ಟೇನೂ ತೊಂದರೆಯಿಲ್ಲ. ಆರು ವೇಲೆನ್ಸಿಯದ್ದನ್ನು ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸಮುದ್ರದ ಮೀನಿನಲ್ಲಿ ಒಟ್ಟು ಆರ್ಸೆನಿಕ್ ಅಳೆದರೆ ಗಾಬರಿ ಹುಟ್ಟಿಸುವ ಅಂಕಿ ಬರುತ್ತದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಆರ್ಸೆನೋಬೀಟೇನ್ ಅನ್ನುವ, ಅಷ್ಟೇನೂ ತೊಂದರೆ ಕೊಡದ ರೂಪ. ತಿಂದವರ ಮೂತ್ರದಲ್ಲಿ ಅದು ಹಾಗೇ ಹೊರಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿರುವ ಅಜೈವಿಕ (ಇಂಗಾಲದ ಜೊತೆ ಸೇರಿಲ್ಲದ) ಆರ್ಸೆನಿಕ್ ಅಂಥದ್ದಲ್ಲ, ಅದು ವಿಷ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 10 ಮೈಕ್ರೋಗ್ರಾಂ ಅಂತ ಮಿತಿ ಹಾಕಿದೆ. ಹಾಗಾಗಿ ಮಾದರಿ ಕಳಿಸುವಾಗಲೇ ಯಾವ ರೂಪವನ್ನು ಅಳೆಯಬೇಕು ಅಂತ ಬರೆದು ಕೊಡುತ್ತೇನೆ. ಆಮೇಲೆ ಕೇಳಿದರೆ ತಡವಾಗಿರುತ್ತದೆ, ಯಾಕೆಂದರೆ ಸರಿಯಾಗಿ ಕಾಪಾಡದ ಮಾದರಿಯಲ್ಲಿ ಒಂದು ರೂಪ ಇನ್ನೊಂದಾಗಿ ಬದಲಾಗಬಹುದು.

ಮಣ್ಣಿನ ಸೀಸಕ್ಕೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ, ಮಕ್ಕಳ ಕಾರಣಕ್ಕೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ಎಷ್ಟೋ ಜಾಸ್ತಿ ಪಾಲನ್ನು ಪುಟ್ಟ ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಅವರು ನೆಲದಲ್ಲಿ ಆಡುತ್ತಾರೆ, ಕೈಯನ್ನು ಬಾಯಿಗೆ ಹಾಕುತ್ತಾರೆ. ಮಗುವಿನ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವಂಥ ಮಟ್ಟವೇ ಇಲ್ಲ. ಆದ್ದರಿಂದ ಮಕ್ಕಳು ಆಡುವ ಬರಿ ನೆಲದಲ್ಲಿ ಮೇಲಿನ ತೆಳು ಪದರವನ್ನಷ್ಟೇ ಕೆರೆದು ತೆಗೆಯುತ್ತೇನೆ. ಆಳಕ್ಕೆ ಅಗೆದು ಬೆರೆಸಿದರೆ ಮಗುವಿನ ಕೈಗೆ ನಿಜವಾಗಿ ಸಿಗುವ ಮಣ್ಣು ಅದರಲ್ಲಿ ಕಳೆದುಹೋಗುತ್ತದೆ. ಒಣಗಿಸಿ 150 ಮೈಕ್ರೋಮೀಟರ್ ಜರಡಿ ಹಿಡಿಯುತ್ತೇನೆ, ಬೆರಳಿಗೆ ಅಂಟುವುದು ಆ ನುಣುಪು ಪುಡಿಯೇ.

ಆಮೇಲೆ ಬರುವುದು ನನಗೆ ತುಂಬ ಇಷ್ಟವಾದ ಪರೀಕ್ಷೆ. ಆ ಪುಡಿಯನ್ನು ಹೊಟ್ಟೆಯ ಆಮ್ಲದ ಹಾಗಿರುವ ಗ್ಲೈಸಿನ್ ದ್ರಾವಣದಲ್ಲಿ, ಪಿಎಚ್ (ಹುಳಿಯ ಅಳತೆ) 1.5, 37 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ತಿರುಗಿಸುವುದು. ಎಷ್ಟು ಸೀಸ ಕರಗಿತು ಅಂತ ನೋಡುವುದು. ಗಣಿಯಿಂದ ಬಂದ ಸೀಸದ ಸಲ್ಫೈಡ್ ಸುಲಭಕ್ಕೆ ಕರಗುವುದಿಲ್ಲ. ಹಳೆ ಬಿಳಿ ಪೇಂಟಿನಲ್ಲಿರುವ ಸೀಸದ ಕಾರ್ಬೋನೇಟ್ ಚೆನ್ನಾಗಿ ಕರಗುತ್ತದೆ. ಒಟ್ಟು ಸೀಸ ಒಂದೇ ಇರುವ ಎರಡು ಜಾಗಗಳಲ್ಲಿ ಮಗುವಿಗಾಗುವ ಹಾನಿ ಬೇರೆ ಬೇರೆ, ಅಲ್ವಾ? ಶುಚಿ ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ನಾನು ಇದನ್ನು ನೋಡಿಯೇ ಹೇಳುತ್ತೇನೆ.

ನೀರಿನದು ಬೇರೆ ಕಥೆ. ಕರಗಿದ ಲೋಹವನ್ನಷ್ಟೇ ಅಳೆಯಬೇಕಿದ್ದರೆ ಸ್ಥಳದಲ್ಲೇ 0.45 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕುತ್ತೇನೆ. ಮೊದಲೇ ಆಮ್ಲ ಹಾಕಿದರೆ ಕಣಗಳಿಗೆ ಅಂಟಿದ್ದ ಲೋಹವೂ ಕರಗಿಬಿಡುತ್ತದೆ. ಶುದ್ಧ ನೀರಿನ ಒಂದು ಬಾಟಲಿಯನ್ನೂ ಇದೇ ರೀತಿ ಸೋಸಿ ಕಳಿಸುತ್ತೇನೆ. ಸತು ಕೈಗವಸಿನಿಂದಲೂ ಬರಬಹುದು, ಆ ಬಾಟಲಿ ಇಲ್ಲದಿದ್ದರೆ ಅದು ತಿಳಿಯುವುದೇ ಇಲ್ಲ.

ತಾಮ್ರದ ವಿಷಯದಲ್ಲಿ ಜನರ ಮಿತಿಯನ್ನು ಮೀನಿಗೆ ಹಚ್ಚಬಾರದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ಮೆದು ನೀರಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ ತಾಮ್ರವೇ ಮೀನಿನ ಕಿವಿರನ್ನು ಹಾಳು ಮಾಡುತ್ತದೆ. ಅದೇ ತಾಮ್ರ ಗಡಸು ನೀರಿನಲ್ಲಿದ್ದರೆ, ಕೊಳೆತ ಎಲೆಗಳಿಂದ ಕರಗಿ ಬಂದ ಸಾವಯವ ವಸ್ತು ಜಾಸ್ತಿ ಇದ್ದರೆ, ವಿಷ ಕಡಿಮೆಯಾಗುತ್ತದೆ. ಪಿಎಚ್, ಗಡಸುತನ, ಕರಗಿದ ಸಾವಯವ ಇಂಗಾಲ ಇವು ಮೂರೂ ಇಲ್ಲದ ತಾಮ್ರದ ಅಂಕಿ ಬಂದರೆ ನಾನು ಅದನ್ನು ವಾಪಸ್ ಕಳಿಸುತ್ತೇನೆ.

ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುತ್ತದೆ. ಬೀಡಿ, ಸಿಗರೇಟಿನಿಂದಲೂ ಸೇರುತ್ತದೆ, ದೇಹದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದವರು ಅದನ್ನು ಜಾಸ್ತಿ ಹೀರಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಮಣ್ಣಿನ ಜೊತೆಗೆ ಜನರನ್ನೂ ಮಾತಾಡಿಸಬೇಕು.

ಪರಿಹಾರ ಸೂಚಿಸುವಾಗಲೂ ಇದೇ ಎಚ್ಚರ. ಸೀಸ ಇರುವ ಮಣ್ಣಿಗೆ ಫಾಸ್ಫೇಟ್ ಬೆರೆಸಿದರೆ ಸೀಸ ಸುಲಭಕ್ಕೆ ಕರಗದ ರೂಪವಾಗಿ ಗಟ್ಟಿಯಾಗಿ ಕೂರುತ್ತದೆ. ಆದರೆ ಅಲ್ಲಿ ಆರ್ಸೆನಿಕ್ ಕೂಡ ಇದ್ದರೆ, ಅದೇ ಫಾಸ್ಫೇಟ್ ಅದನ್ನು ಮಣ್ಣಿನ ಕಣಗಳಿಂದ ಬಿಡಿಸಿ ನೀರಿಗೆ ತಳ್ಳಬಹುದು. ಆರ್ಸೆನಿಕ್ ಅಳೆಯದೆ ಫಾಸ್ಫೇಟ್ ಹಾಕಿ ಅಂತ ನಾನು ಯಾರಿಗೂ ಬರೆದು ಕೊಡುವುದಿಲ್ಲ.